ಬ್ಯಾಗಿನ ಮೇಲೆ ಭೀಮ, ಪುಸ್ತಕದಲ್ಲಿ ಔಷಧ

ಕೋಲಾರ ಜಿಲ್ಲೆಯ ಸಾಹಿತ್ಯ ಸಭೆಗಳಲ್ಲಿ ಎರಡು ಹೆಸರು ತಪ್ಪದೆ ಬರುತ್ತವೆ: ಮಾಲೂರು ತಾಲ್ಲೂಕಿನ ಮಾಸ್ತಿ, ಮುಳಬಾಗಿಲಿನ ಡಿವಿಜಿ. ಇವರ ಜೊತೆಗೆ ಈಚೆಗೆ ಒಂದು ಬೈಗುಳವೂ ಕಾಯಂ ಆಗಿದೆ: ಕಾರ್ಟೂನ್. ಮಕ್ಕಳು ಓದುತ್ತಿಲ್ಲ, ಕಾರ್ಟೂನ್ ನೋಡಿ ಕೆಟ್ಟರು ಎಂದು ಮೇಲಿನವರು ಹೇಳುತ್ತಾರೆ, ಕೆಳಗೆ ಕೂತವರು ತಲೆಯಾಡಿಸುತ್ತಾರೆ, ಆಮೇಲೆ ಚಿತ್ರಾನ್ನ. ಈ ಮಾತಿಗೆ ನನ್ನ ತಕರಾರಿದೆ. ಅಕ್ಷರ ಕೂಡಿಸಿ ಓದಲು ಆಗಷ್ಟೇ ಕಲಿಯುತ್ತಿರುವ ಮಗುವಿನ ಕೈಗೆ, ಅದಕ್ಕೆ ಮೊದಲೇ ಗೊತ್ತಿರುವ ಕಾರ್ಟೂನ್ ಪಾತ್ರದ ಚಿತ್ರಪುಸ್ತಕ ಕೊಟ್ಟರೆ ಸಾಹಿತ್ಯಕ್ಕೆ ಯಾವ ಅವಮಾನವೂ ಆಗುವುದಿಲ್ಲ. ಅವಮಾನವಿದ್ದರೆ ಅದು ಅಂಥ ಪುಸ್ತಕಕ್ಕೆ ನಾವು ತುಂಬುವ ಕನ್ನಡದಲ್ಲಿದೆ. ಬಹಳ ಸಲ ಅಷ್ಟನ್ನೂ ತುಂಬುವುದಿಲ್ಲ, ಪುಸ್ತಕವೇ ಇರುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕೂ ಊರುಗಳ ಸ್ಟೇಷನರಿ ಅಂಗಡಿಗಳಲ್ಲಿ ಒಂದೇ ಪ್ರಶ್ನೆ ಕೇಳಿಕೊಂಡು ತಿರುಗಿದೆ. ಒಂದನೇ ಕ್ಲಾಸಿನ ಮಗು ತಾನೇ ಓದಿಕೊಳ್ಳುವಂಥ ಕನ್ನಡ ಚಿತ್ರಪುಸ್ತಕ ಇದೆಯೇ? ಇಂಗ್ಲಿಷಿನಲ್ಲಿ ಇತ್ತು. ಇಲಿ, ಬಾತುಕೋಳಿ, ಮಂಜಿನ ರಾಜಕುಮಾರಿಯರು, ಎಲ್ಲರೂ ಹೊಳೆಯುವ ಕಾಗದದಲ್ಲಿ. ಕನ್ನಡದ್ದಕ್ಕೆ ಒಬ್ಬ ಅಂಗಡಿಯವರು ಹೇಳಿದ್ದು: "ಕನ್ನಡದ್ದಾ ಸಾರ್? ಅಕ್ಷರಮಾಲೆ ಇದೆ, ಮಗ್ಗಿ ಪುಸ್ತಕ ಇದೆ. ಕತೆ ಪುಸ್ತಕ ಯಾರೂ ಕೇಳಲ್ಲ." ಅವರು ಕೊಟ್ಟ ಅಕ್ಷರಮಾಲೆಯ ರಟ್ಟಿನ ಮೇಲೆ ಛೋಟಾ ಭೀಮನನ್ನೇ ಹೋಲುವ, ಪಂಚೆಯ ಬಣ್ಣ ಮಾತ್ರ ಬದಲಾದ ಹುಡುಗನೊಬ್ಬ ನಗುತ್ತಿದ್ದ. ಒಳಗೆ ಅವನ ಸುಳಿವೇ ಇಲ್ಲ. ಒಳಗಿರುವುದು ಈಶ, ಋಷಿ, ಔಷಧ. ಸ್ಕೂಲ್ ಬ್ಯಾಗಿನ ಮೇಲೆ ಭೀಮ, ಊಟದ ಡಬ್ಬಿಯ ಮೇಲೆ ಭೀಮ, ನೀರಿನ ಬಾಟಲಿಯ ಮೇಲೆ ಭೀಮ. ಓದುವ ಹಾಳೆಗೆ ಬಂದಾಗ ಮಾತ್ರ ಅವನಿಗೆ ಪ್ರವೇಶವಿಲ್ಲ. ಮಗುವಿಗೆ ಮಾಡುವ ಮೋಸದಲ್ಲಿ ಇದಕ್ಕಿಂತ ಅಗ್ಗದ್ದು ಇನ್ನೊಂದಿಲ್ಲ.

ಈ ನಾಲ್ಕು ಊರುಗಳಲ್ಲಿ ಈ ಮಾತಿಗೆ ಬೇರೆ ತೂಕವಿದೆ. ಇಲ್ಲಿ ಮನೆಯ ಮಾತು ಒಂದಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ತೆಲುಗು, ಪೇಟೆಗಳಲ್ಲಿ ಉರ್ದು, ಮಾಲೂರಿನ ಕಡೆ ಬೇಕಾದಷ್ಟು ತಮಿಳು. ಸ್ವತಃ ಮಾಸ್ತಿಯವರ ಮನೆಮಾತು ತಮಿಳಾಗಿತ್ತು ಎಂಬುದನ್ನು ಆ ವೇದಿಕೆಗಳಲ್ಲಿ ಯಾರೂ ನೆನೆಯುವುದಿಲ್ಲ. ಕನ್ನಡ ಶಾಲೆಯ ಒಂದನೇ ಕ್ಲಾಸಿನಲ್ಲಿ ಹೀಗೆ ಮೂರು ನಾಲ್ಕು ಮನೆಮಾತಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಅವರೆಲ್ಲರಿಗೂ ಗೊತ್ತಿರುವ ಒಂದು ಕತೆ ಹೇಳಿ ಎಂದರೆ ಮೇಷ್ಟ್ರು ತಡಕಾಡಬೇಕು. ಎಲ್ಲರಿಗೂ ಗೊತ್ತಿರುವ ಒಬ್ಬ ಹುಡುಗನನ್ನು ಹೇಳಿ ಎಂದರೆ ಮಕ್ಕಳೇ ಕೂಗುತ್ತಾರೆ. ಕನ್ನಡ ಇನ್ನೂ ಅರೆಬರೆ ಬರುವ ಮಗುವಿಗೆ, ಚಿತ್ರದಲ್ಲಿರುವವನು ಯಾರು, ಅವನಿಗೆ ಏನಿಷ್ಟ, ಯಾರ ಜೊತೆ ಜಗಳ ಎಂಬುದು ಮೊದಲೇ ತಿಳಿದಿದ್ದರೆ ಅರ್ಧ ಓದು ಮುಗಿದ ಹಾಗೆ. ಉಳಿದ ಅರ್ಧ ಅಕ್ಷರದ್ದು. ಎರಡನ್ನೂ ಒಟ್ಟಿಗೆ ಹೊರಿಸಿ, ಓದಲಿಲ್ಲ ಎಂದು ಗೊಣಗುವುದು ದೊಡ್ಡವರ ಸೋಮಾರಿತನ.

ಗುರುತಿನವರ ಕೈಹಿಡಿದು ಓದಿಗೆ ಹೋಗುವುದು ಹೊಸ ಹುಚ್ಚೂ ಅಲ್ಲ. ಪುಣ್ಯಕೋಟಿಯನ್ನು ನಾವು ಪುಸ್ತಕದಲ್ಲಿ ಮೊದಲು ಕಂಡೆವೇ? ಅಜ್ಜಿಯ ಬಾಯಲ್ಲಿ ಕೇಳಿದ್ದೆವು, ಆಮೇಲೆ ಅಕ್ಷರದಲ್ಲಿ ಗುರುತು ಹಿಡಿದೆವು. ಮುಳಬಾಗಿಲು ತಾಲ್ಲೂಕಿನ ಆವಣಿಯ ಮಗುವಿಗೆ ಲವಕುಶರು ಊರಿನ ಹುಡುಗರೇ, ಅಲ್ಲೇ ಹುಟ್ಟಿದರೆಂದು ಊರು ನಂಬಿದೆ. ಕುರುಡುಮಲೆಯ ಮಗುವಿಗೆ ಗಣಪನ ಹೊಟ್ಟೆಯ ಗಾತ್ರ ಪಾಠ ಮಾಡಿ ತಿಳಿಸಬೇಕಿಲ್ಲ. ಇವತ್ತು ಕಾರ್ಟೂನ್ ಬೈಯುವ ನನ್ನ ವಾರಿಗೆಯವರು ಬಾಲಮಂಗಳದ ಡಿಂಗನಿಗಾಗಿ ಅಂಗಡಿ ಮುಂದೆ ಕಾದವರು. ಡಿಂಗ ಮಲಯಾಳದಿಂದ ಬಂದವನೆಂದು ಆಗ ಯಾರೂ ಗಡಿತಂಟೆ ತೆಗೆಯಲಿಲ್ಲ. ಛೋಟಾ ಭೀಮ 2008ರಲ್ಲಿ ಪೋಗೋ ಚಾನೆಲ್ಲಿಗೆ ಬಂದದ್ದು ಹೈದರಾಬಾದಿನ ಗ್ರೀನ್ ಗೋಲ್ಡ್ ಕಂಪನಿಯಿಂದ. ಹೆಸರೋ ಮಹಾಭಾರತದ್ದು. ಇವನು ಯಾವ ಲೆಕ್ಕದಲ್ಲಿ ಪರಕೀಯ?

ಕಾರ್ಟೂನು ಕನ್ನಡದಲ್ಲಿ ಬರುವುದಕ್ಕೇ ನಾವು ಎಷ್ಟು ತಡ ಮಾಡಿದೆವು ಎಂಬುದೂ ನೆನಪಿರಲಿ. ಡಬ್ಬಿಂಗ್ ಬೇಡವೆಂಬ ಅಲಿಖಿತ ಕಟ್ಟಳೆ ದಶಕಗಳ ಕಾಲ ಬಾಗಿಲು ಹಾಕಿಕೊಂಡಿತ್ತು. 2009ರಲ್ಲಿ ಚಿಂಟು ಟಿವಿ ಬಂದಾಗ ಮಕ್ಕಳ ಪಾಲಿಗೆ ಒಂದು ಕಿಂಡಿ ತೆರೆಯಿತು. ಆ ಕಟ್ಟಳೆಯ ವಿರುದ್ಧ ಸ್ಪರ್ಧಾ ಆಯೋಗದ ತೀರ್ಪು ಬರಲು 2015 ಆಗಬೇಕಾಯಿತು. ಅಷ್ಟರಲ್ಲಿ ಗಡಿಯ ಮನೆಗಳಲ್ಲಿ ತೆಲುಗು ಚಾನೆಲ್ಲೇ ಓಡುತ್ತಿತ್ತು. ಆಗ ಬಾಗಿಲು ಹಾಕಿದವರೇ ಈಗ, ಮಕ್ಕಳ ಬಾಯಲ್ಲಿ ಕನ್ನಡವಿಲ್ಲ ಎನ್ನುತ್ತಾರೆ. ಪುಸ್ತಕದ ವಿಷಯದಲ್ಲೂ ಅದೇ ಆಟ ಶುರುವಾಗಿದೆ.

ಈಗ ಕನ್ನಡದ ಮಾತಿಗೆ ಬರೋಣ, ನನ್ನ ನಿಜವಾದ ಜಗಳ ಅಲ್ಲಿದೆ. ಅಪರೂಪಕ್ಕೆ ಕನ್ನಡದಲ್ಲಿ ಕಾರ್ಟೂನ್ ಪುಸ್ತಕ ಸಿಕ್ಕಿದರೂ ಅದನ್ನು ಬರೆದಿರುವುದಿಲ್ಲ, ಅನುವಾದಿಸಿ ಸುರಿದಿರುತ್ತಾರೆ. "ಅನಿರೀಕ್ಷಿತವಾಗಿ ಸಂಭವಿಸಿದ ಘಟನೆಯಿಂದ ಆಶ್ಚರ್ಯಚಕಿತನಾದನು" ಎನ್ನುವ ಧಾಟಿ. ಆರು ವರ್ಷದ ಮಗುವಿಗೆ! ಇಂಗ್ಲಿಷಿನ ಸುಲಭ ವಾಕ್ಯ ಕನ್ನಡಕ್ಕೆ ಬಂದಾಗ ಸುಲಭವಾಗಿಯೇ ಉಳಿಯುವುದಿಲ್ಲ, ಏಕೆಂದರೆ ನಮ್ಮ ಕಷ್ಟ ಬೇರೆ ಕಡೆ ಇದೆ. ನಮ್ಮಲ್ಲಿ ಮಗು ಎಡವುವುದು ಗುಣಿತದಲ್ಲಿ, ಒತ್ತಕ್ಷರದಲ್ಲಿ, ಮಹಾಪ್ರಾಣದಲ್ಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿಗೆ ಇದು ಗೊತ್ತಿತ್ತು. ಅದಕ್ಕೇ ಅಲ್ಲಿ ಅ ಆ ಇ ಈ ಸಾಲು ಬಿಟ್ಟು ರ ಗ ಸ ದ ಅ, ಜ ವ ಮ ಬ ನ ಎಂದು ಶುರು ಮಾಡುತ್ತಾರೆ. ಈ ಹತ್ತು ಅಕ್ಷರದಲ್ಲಿ ಮರ, ದನ, ಅರಸ, ಬಸವ, ದವಸ, ಗರಗಸ ಎಲ್ಲ ಬರುತ್ತವೆ. ಆದರೆ ಯಾರೂ ಏನೂ ಮಾಡುವುದಿಲ್ಲ, ಬರೀ ನಿಂತಿರುತ್ತಾರೆ. ಕತೆ ನಡೆಯಬೇಕಾದರೆ ಗುಣಿತ ಬೇಕು, ಸ್ವಲ್ಪ ಒತ್ತೂ ಬೇಕು.

ನಮ್ಮ ಭಾಷೆಯ ಉಪಕಾರ ನೋಡಿ: ಮಕ್ಕಳ ಕತೆಗೆ ಜೀವ ಕೊಡುವ ಮಾತುಗಳೆಲ್ಲ ಅದೇ ಅಕ್ಷರದ ಒತ್ತಿನವು. ಬಿದ್ದ, ಎದ್ದ, ಅತ್ತ, ನಕ್ಕ, ಕದ್ದ, ಹತ್ತಿದ, ಮೆತ್ತಿದ. ದ ಗೊತ್ತಿದ್ದವನಿಗೆ ದದ ಒತ್ತು ಒಂದೇ ದಿನದ ಕೆಲಸ. "ರಾಜು ಮರ ಹತ್ತಿದ. ಜಗ್ಗು ನಕ್ಕ. ರಾಜು ಬಿದ್ದ. ಜಗ್ಗು ಇನ್ನೂ ನಕ್ಕ." ಇಷ್ಟನ್ನು ಚಿತ್ರದ ಕೆಳಗೆ ಹಾಕಿದರೆ ಮಗು ಪುಟ ತಿರುಗಿಸದೆ ಇರುತ್ತದೆಯೇ?

ಅಮೆರಿಕದಲ್ಲಿ ಈ ಜಗಳ 1954ರಲ್ಲೇ ಆಯಿತು. ಹಿರೋಶಿಮಾದ ಬಗ್ಗೆ ಬರೆದ ಗಂಭೀರ ಲೇಖಕ ಜಾನ್ ಹರ್ಸಿ, ಲೈಫ್ ಪತ್ರಿಕೆಯಲ್ಲಿ ಮೊದಲ ಓದಿನ ಪುಸ್ತಕಗಳ ನೀರಸತನವನ್ನು ಝಾಡಿಸಿ, ಇವಕ್ಕೆ ಡಾ. ಸ್ಯೂಸ್, ವಾಲ್ಟ್ ಡಿಸ್ನಿಯಂಥವರ ಚಿತ್ರಗಳು ಯಾಕಿರಬಾರದು ಎಂದು ಕೇಳಿದ. ಸ್ಯೂಸ್ 1957ರಲ್ಲಿ 236 ಬೇರೆಬೇರೆ ಪದಗಳಲ್ಲಿ ಟೊಪ್ಪಿಗೆಯ ಬೆಕ್ಕಿನ ಕತೆ ಬರೆದ. 1960ರಲ್ಲಿ ಪ್ರಕಾಶಕನ ಪಂಥಕ್ಕೆ 50 ಪದಗಳಲ್ಲೇ ಇನ್ನೊಂದು ಪುಸ್ತಕ ಮುಗಿಸಿದ. ಷಟ್ಪದಿಯ ಮಾತ್ರೆ ಎಣಿಸಿದ ನಾಡಿನವರಿಗೆ ಇದು ಆಗದ ಕೆಲಸವೇನಲ್ಲ.

ಎದುರುಮಾತು ಬಲ್ಲೆ. ಕಾರ್ಟೂನು ವ್ಯಾಪಾರದ ಸರಕು ಎನ್ನುತ್ತೀರಿ, ಹೌದು. ಆದರೆ ಬ್ಯಾಗು ಕೊಳ್ಳುವಾಗ ಆ ವ್ಯಾಪಾರ ನಮಗೆ ಮೈಲಿಗೆಯಾಗಲಿಲ್ಲ. ಹೊಡೆದಾಟ ಜಾಸ್ತಿ, ಹೆಣ್ಣುಮಕ್ಕಳಿಗೆ ಕೆಲಸ ಕಡಿಮೆ ಎನ್ನುತ್ತೀರಿ. ಅದೂ ಸರಿ. ಕತೆ ಬರೆಯುವ ಪೆನ್ನು ನಮ್ಮ ಕೈಗೆ ಬಂದರೆ ಚುಟ್ಕಿಯನ್ನು ಲಡ್ಡು ಡಬ್ಬಿಯಿಂದ ಎಬ್ಬಿಸಿ ಮರ ಹತ್ತಿಸಬಹುದು.

ನಮ್ಮದೇ ಪಾತ್ರ ಯಾಕಿರಬಾರದು ಎಂಬ ಮಾತು ಮಾತ್ರ ನನಗೆ ತಟ್ಟುತ್ತದೆ. ಪ್ರಥಮ್ ಬುಕ್ಸ್‌ನ ಶೃಂಗೇರಿ ಶ್ರೀನಿವಾಸ ಅಂಥವನು, ಪುಸ್ತಕದಿಂದ ಪುಸ್ತಕಕ್ಕೆ ಮರಳಿ ಬರುವ ರೈತ. ಬೆಳೆದ ಬಾಳೆಹಣ್ಣು ಯಾರಿಗೂ ಬೇಡವಾಗಿ ಅವನು ಕಂಗಾಲಾಗುವ ಕತೆ, ರಸ್ತೆ ಬದಿಗೆ ಟೊಮೆಟೊ ಸುರಿದ ಅಪ್ಪನನ್ನು ಕಂಡ ಕೋಲಾರದ ಮಗುವಿಗೆ ಅರ್ಥ ಹೇಳಿಕೊಡಬೇಕಿಲ್ಲ. ಹೆಸರೊಂದು ಹಲ್ಲು ಮುರಿಯುತ್ತದೆ, ಇರಲಿ. ಇಂಥ ಪಾತ್ರಗಳು ಇನ್ನೂ ಹತ್ತು ಹುಟ್ಟಲಿ. ಅವು ಮನೆಮಾತಾಗಲು ವರ್ಷಗಳು ಬೇಕು. ಒಂದನೇ ಕ್ಲಾಸಿನ ಮಗುವಿಗೆ ಇರುವುದು ಒಂದೇ ವರ್ಷ.

ಓದುವ ಬೆಳಕು ಅಭಿಯಾನ 2020ರಲ್ಲಿ ಬಂದ ಮೇಲೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳು ಸದಸ್ಯರಾಗಿದ್ದಾರೆ. ಅಲ್ಲಿಗೆ ಪುಸ್ತಕ ಆರಿಸುವವರಿಗೆ ನನ್ನ ಬೇಡಿಕೆ ಇಷ್ಟೇ. ಹೈದರಾಬಾದಿನ ಕಂಪನಿಯಿಂದ ಹಕ್ಕು ಪಡೆಯಿರಿ. ಅನುವಾದಕರನ್ನು ಕರೆಯಬೇಡಿ, ಈ ನಾಲ್ಕು ತಾಲ್ಲೂಕಿನ ಕತೆಗಾರರನ್ನೂ ಒಂದನೇ ಕ್ಲಾಸಿನ ಟೀಚರುಗಳನ್ನೂ ಒಂದೇ ಮೇಜಿಗೆ ಕೂರಿಸಿ. ಹದಿನಾರು ಪುಟ, 50 ಪದ, ಮಹಾಪ್ರಾಣ ಕೂಡದು, ಬೇರೆ ಅಕ್ಷರದ ಒತ್ತು ಕೂಡದು. ಈ ಲೆಕ್ಕದಲ್ಲಿ ಮೊದಲ ಪುಸ್ತಕಕ್ಕೆ ರಾಜುವೂ ಜಗ್ಗುವೂ ಸಾಕು, ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಬಿಟ್ಟರೆ ಕತೆ ತಾನೇ ನಡೆಯುತ್ತದೆ. ಭೀಮನಿಗೆ ಭ ಇದೆ, ಅವನು ಎರಡನೇ ಪುಸ್ತಕದಲ್ಲಿ ಬರಲಿ.