ನಲವತ್ತರ ಮೇಲೆ ಗಂಡನ ಸರದಿ
ಈ ವಾರ ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೊರಟ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಣ್ಣುಮಗಳು, ‘ನಲವತ್ಮೂರಾಯ್ತು, ಮುಟ್ಟೂ ಏರುಪೇರು, ಇನ್ನು ಬಸಿರಾಗೋ ಭಯ ಎಲ್ಲಿ ಅಕ್ಕ?’ ಎಂದರು. ಭಯ ಖಂಡಿತ ಇದೆ. ಐವತ್ತರೊಳಗೆ ಮುಟ್ಟು ನಿಂತರೆ ಮುಂದಿನ ಎರಡು ವರ್ಷ, ಐವತ್ತು ದಾಟಿ ನಿಂತರೆ ಒಂದು ವರ್ಷ ಎಚ್ಚರ ತಪ್ಪಬಾರದು. ಬಿ.ಪಿ. ಇದ್ದವರಿಗೆ ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಗುಳಿಗೆ ಒಗ್ಗದು. ಕಾಪರ್-ಟಿ ಒಳ್ಳೆಯದೇ, ಆದರೆ ಈ ವಯಸ್ಸಿನ ಅತಿಸ್ರಾವವನ್ನು ಅದು ಹೆಚ್ಚಿಸಬಹುದು. ಹಾಗಿದ್ದಮೇಲೆ ಗಂಡನೇ ಏಕೆ ಮುಂದೆ ಬರಬಾರದು? ಗಂಡಸರ ಹೊಲಿಗೆಯಿಲ್ಲದ ಸಂತಾನಹರಣ ಆಪರೇಷನ್ (ಎನ್‌ಎಸ್‌ವಿ) ಮುಗಿಸಿ ಅದೇ ದಿನ ಮನೆಗೆ ಬರಬಹುದು. ಮೂರು ತಿಂಗಳ ನಂತರ ವೀರ್ಯ ಪರೀಕ್ಷೆಯಲ್ಲಿ ವೀರ್ಯಾಣು ಇಲ್ಲವೆಂದು ಖಾತ್ರಿಯಾಗುವವರೆಗೆ ಕಾಂಡೋಮ್ ಬಳಸಬೇಕು, ಅಷ್ಟೆ. ಗಂಡಸುತನವಾಗಲಿ ದುಡಿಯುವ ಕಸುವಾಗಲಿ ಕುಂದುವುದಿಲ್ಲ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಹೆಂಡತಿಗೆ ಆಪರೇಷನ್ ಆದ ದಂಪತಿಗಳು ಶೇ 37.9, ಗಂಡನಿಗೆ ಆದವರು ಶೇ 0.3. 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದ ಮೈಸೂರು ಸೀಮೆಗೆ ಇದು ಒಪ್ಪುವ ಮಾತಲ್ಲ. ಹೊಗೆಸೊಪ್ಪು ಹದಮಾಡುವ ಬ್ಯಾರನ್ ಮುಂದೆ ಇರುಳೆಲ್ಲ ಬೆಂಕಿ ಕಾಯಲು ಸರದಿ ಹಾಕಿಕೊಳ್ಳುವ ಮನೆಗಳಿವು; ಬಸಿರು, ಬಾಣಂತನವನ್ನೆಲ್ಲ ಹೆಂಡತಿ ಹೊತ್ತಾದಮೇಲೆ ಈ ಸರದಿ ಗಂಡನದೇ. ಅಣ್ಣಂದಿರೇ, ಮುಂದಿನ ಸಲ ತಾಲ್ಲೂಕು ಆಸ್ಪತ್ರೆಗೆ ಹೋದಾಗ ನೀವೇ ಬಾಯಿಬಿಟ್ಟು ಕೇಳಿ.