ಅಂಗಳಕ್ಕೆ ಬಂದ ಗಾಳಿಯಂತ್ರ

ಚಳಿ ಕಳೆದು ಬಿಸಿಲು ಬಲಿಯುತ್ತಿದ್ದಂತೆ ಕುಂದಾಪುರದ ಕಡೆಯ ಹಿತ್ತಿಲುಗಳಲ್ಲಿ ಎಲೆಯುದುರುವ ಕಾಲ ಬರುತ್ತದೆ. ಹಲಸು, ಗೇರುಗಳ ತರಗೆಲೆ ಬೆಳಗ್ಗೆ ಗುಡಿಸಿದ ಅಂಗಳವನ್ನು ಸಂಜೆಯೊಳಗೆ ಮತ್ತೆ ಮುಚ್ಚುತ್ತದೆ. ಅದರ ಲೆಕ್ಕ ಹಿಡಿಸೂಡಿ ಹಿಡಿದು ಬಾಗಿದ ಸೊಂಟಕ್ಕಷ್ಟೇ ಗೊತ್ತು. ಮಕ್ಕಳು ಬೆಂಗಳೂರು, ಮುಂಬಯಿ ಸೇರಿ ಹಿರಿಯರಿಬ್ಬರೇ ಉಳಿದ ಮನೆಗಳಲ್ಲಿ, ಎಲೆ ಹಾರಿಸುವ ‘ಬ್ಲೋವರ್’ ಒಂದನ್ನು ಕೊಳ್ಳೋಣವೆಂಬ ಮಾತು ಹುಟ್ಟುವುದು ಸಹಜವೇ. ಆದರೆ ಹುಲ್ಲುಹಾಸಿಗೂ ಸಿಮೆಂಟು ನೆಲಕ್ಕೂ ಒಗ್ಗಿದ ಯಂತ್ರವನ್ನು ಮುರಕಲ್ಲಿನ ನಾಡಿನ ಮಣ್ಣಂಗಳಕ್ಕೆ ತರುವಾಗ ತುಸು ವಿವೇಚನೆ ಬೇಕು.

ಅಗ್ಗವೆಂದು ಮೊದಲು ಕಣ್ಣಿಗೆ ಬೀಳುವುದು 500–600 ವಾಟಿನ ಪುಟ್ಟ ವಿದ್ಯುತ್ ಯಂತ್ರ. ಅದು ಫ್ಯಾನು, ಕಂಪ್ಯೂಟರುಗಳ ಧೂಳು ತೆಗೆಯುವುದಕ್ಕೆ ಸರಿ. ಹಲಸಿನೆಲೆಯ ರಾಶಿಯ ಮುಂದೆ ಅದರ ಆಟ ಸಾಗದು.

ಪೆಟ್ರೋಲ್ ಯಂತ್ರಕ್ಕೆ ಬಲವುಂಟು, ಉಪದ್ರವವೂ ಉಂಟು. ತೂಕ ಸುಮಾರು 4–5 ಕಿಲೋ. ಎರಡು ಹೊಡೆತದ ಎಂಜಿನ್ನಾದರೆ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ಹಲವು ಮಾದರಿಗಳಿಗೆ ಲೀಟರಿಗೆ 20 ಮಿಲಿಲೀಟರ್. ಮಳೆಗಾಲವಿಡೀ ಟ್ಯಾಂಕಿಯಲ್ಲೇ ಇಂಧನ ಬಿಟ್ಟರೆ ಕಾರ್ಬುರೇಟರ್ ಕಟ್ಟಿಕೊಂಡು ದೀಪಾವಳಿಯ ಹೊತ್ತಿಗೆ ಯಂತ್ರ ಮುನಿಸಿಕೊಂಡಿರುತ್ತದೆ. ಸದ್ದಿನ ಮಾತಂತೂ ಬೇರೆಯೇ. 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ ವಿಧಿಸಿದ ಮಿತಿ 55 ಡೆಸಿಬೆಲ್. ಅಮೆರಿಕದ ರಾಜಧಾನಿ ವಾಷಿಂಗ್ಟನ್ ನಗರವು 2022ರಲ್ಲಿ ಪೆಟ್ರೋಲ್ ಬ್ಲೋವರುಗಳ ಬಳಕೆಯನ್ನೇ ನಿಷೇಧಿಸಿತು. ಯಂತ್ರ ಹಿಡಿಯುವವನು ಕೂಲಿಯಾಳಾದರೆ ಅವನ ಕಿವಿಗೆ ರಕ್ಷೆ, ಮೂಗಿಗೆ ಬಟ್ಟೆ, ಕಣ್ಣಿಗೆ ಕನ್ನಡಕ ಒದಗಿಸುವ ಹೊಣೆ ಯಜಮಾನನದು. ಯಂತ್ರಕ್ಕೆ ಸಾವಿರಗಟ್ಟಲೆ ಸುರಿಯುವವರು ಈ ಅಲ್ಪ ಖರ್ಚಿಗೆ ಹಿಂದೆಗೆಯುವುದೇಕೋ!

ಮನೆಯಂಗಳದ ಮಟ್ಟಿಗೆ ಬ್ಯಾಟರಿಯದೇ ಲೇಸು. ತೂಕ 2–3 ಕಿಲೋ. ಹಿರಿಯರ ಮುಂಗೈಯೂ ತಾಳುತ್ತದೆ. ಪೂರ್ಣ ವೇಗದಲ್ಲಿ ಚಾರ್ಜು ಬೇಗನೆ ಇಳಿಯುವುದರಿಂದ ಎರಡನೆಯ ಬ್ಯಾಟರಿಯ ಬೆಲೆಯನ್ನೂ ಮೊದಲೇ ಕೇಳಿಕೊಳ್ಳಬೇಕು. ಪೆಟ್ಟಿಗೆಯ ಮೇಲೆ ಎರಡು ಅಂಕಿಗಳಿರುತ್ತವೆ: ಒಂದು ಗಾಳಿಯ ವೇಗ, ಇನ್ನೊಂದು ಗಾಳಿಯ ಪ್ರಮಾಣ. ವೇಗದ ಅಂಕಿಯನ್ನೇ ಅಂಗಡಿಯವರು ಹೊಗಳುವುದು ಹೆಚ್ಚು. ನೆಲಕ್ಕಂಟಿದ ಒದ್ದೆ ಎಲೆಗೆ ವೇಗ ಬೇಕು, ನಿಜ. ಒಣಗಿದ ರಾಶಿಯನ್ನು ತಳ್ಳುವುದು ಪ್ರಮಾಣ. ಮಣ್ಣಿನ ನೆಲದಲ್ಲಿ ವೇಗ ಮಿತಿಮೀರಿದರೆ ಎಲೆಗಿಂತ ಮೊದಲು ಕೆಂಪು ಧೂಳೇ ಎದ್ದು ಒಗೆದ ಬಟ್ಟೆಗಳ ಮೇಲೆ ಕೂರುತ್ತದೆ. ಮರವಂತೆ, ಬೈಂದೂರಿನ ಕಡಲಬದಿಯಲ್ಲಿ ಗಾಳಿಮರದ ಸೂಜಿಯೆಲೆಯೊಡನೆ ಮರಳೂ ಹಾರೀತು. ಆದುದರಿಂದ ಬೆರಳ ಒತ್ತಿನಲ್ಲೇ ವೇಗ ಹೆಚ್ಚುಕಡಮೆ ಮಾಡಬಲ್ಲ ಮಾದರಿಯನ್ನೇ ಆರಿಸತಕ್ಕದ್ದು. ಕೊಳ್ಳುವ ಮೊದಲು ಹತ್ತು ನಿಮಿಷ ಕೈಯಲ್ಲಿ ಹಿಡಿದು ನಿಂತು ನೋಡುವುದರಲ್ಲಿ ಸಂಕೋಚವೇನೂ ಬೇಡ.

ಇನ್ನು, ಹಾರಿದ ಎಲೆ ಹೋಗುವುದೆಲ್ಲಿಗೆ? ಬೇಲಿಯಾಚೆ ಹೋದರೆ ನೆರೆಮನೆಯ ಜಗಳವಾಗಿ ಮರಳುತ್ತದೆ. ಬ್ರಹ್ಮಾವರದ ಸುತ್ತಿನ ಕೃಷಿಕರಿಗೆ ತರಗೆಲೆ ಕಸವಲ್ಲ. ಹಟ್ಟಿಯಲ್ಲಿ ದನದ ಕಾಲಡಿಗೆ ಹಾಸಾಗಿ, ಗೊಬ್ಬರವಾಗಿ ತೋಟ ಸೇರತಕ್ಕ ವಸ್ತು. ಹಟ್ಟಿ ಬರಿದಾದ ಮನೆಯಲ್ಲೂ ತೆಂಗಿನ ಬುಡವಿದ್ದೇ ಇದೆ. ಗಾಳಿಯ ಬೆನ್ನಿಗೆ ನಿಂತು, ಅಂಗಳದ ಅಂಚಿನಿಂದ ಆ ಬುಡದತ್ತ ನಿಧಾನವಾಗಿ ಎಲೆ ತಳ್ಳುತ್ತ ಬಂದರೆ ಬುಟ್ಟಿಯಲ್ಲಿ ಹೊರುವ ಶ್ರಮವೂ ಉಳಿಯಿತು. ಸಗಣಿ ಸಾರಿಸಿದ ನೆಲಕ್ಕೆ ಮಾತ್ರ ಯಂತ್ರ ತಾಕಿಸಬಾರದು. ತುಳಸಿಕಟ್ಟೆಯ ಸುತ್ತ ಹಿಡಿಸೂಡಿಯೇ ಇರಲಿ.