ಚಾಲಗೇಣಿಯ ಟ್ಯಾಬ್

ಕಾಸರಗೋಡಿನ ಕುಂಬಳೆ ಪೇಟೆಯ ಒಂದು ಮೊಬೈಲ್ ರಿಪೇರಿ ಅಂಗಡಿ. ಮೇಜಿನ ಮೇಲೆ ಹತ್ತಿಂಚಿನ ಟ್ಯಾಬ್. ತಂದವಳು ನನ್ನ ನೆರೆಮನೆಯಲ್ಲಿ ಬೀಡಿ ಕಟ್ಟುವ ಹೆಂಗಸು. ಲಾಕ್‌ಡೌನ್ ಕಾಲದಲ್ಲಿ ಮಗನ ಆನ್‌ಲೈನ್ ಟ್ಯೂಷನ್ನಿಗೆಂದು ಒಂದು ಕಂಪನಿಯಿಂದ ಕಂತಿನಲ್ಲಿ ಕೊಂಡದ್ದು. ಕಂತು ಕಟ್ಟಿ ಮುಗಿದಿದೆ. ರಶೀದಿಗಳನ್ನೆಲ್ಲ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಹಾಕಿಕೊಂಡೇ ಬಂದಿದ್ದಾಳೆ. ಕಂಪನಿ ಪಾಠ ನಿಲ್ಲಿಸಿ ಯಾವ ಕಾಲವಾಯಿತೋ. ಟ್ಯಾಬ್ ಆನ್ ಮಾಡಿದರೆ ಅದೇ ಕಂಪನಿಯ ಲಾಂಛನ, ಪಾಸ್‌ವರ್ಡ್ ಹೊಡೆದರೆ ಸುತ್ತುತ್ತಲೇ ಇರುವ ಚಕ್ರ. ಸೆಟ್ಟಿಂಗ್ಸ್ ತೆರೆಯುವುದಿಲ್ಲ. ಬೇರೆ ಆ್ಯಪ್ ಹಾಕಲು ಬಿಡುವುದಿಲ್ಲ.

"ಎಂತ ಮಾಡುದು ಮಾಷ್ಟ್ರೇ, ಗ್ಲಾಸ್ ಒಡೀಲಿಲ್ಲ, ಚಾರ್ಜ್ ನಿಲ್ತದೆ. ಆದ್ರೂ ಸತ್ತ ಹಾಗೆ ಉಂಟು" ಎಂದಳು ನನ್ನತ್ತ ತಿರುಗಿ.

"ಸತ್ತದ್ದಲ್ಲ ಅಕ್ಕಾ, ಬೀಗ ಹಾಕಿದ್ದು" ಎಂದ ಅಂಗಡಿಯ ಹುಡುಗ.

ಆ ಮಾತು ನನ್ನ ತಲೆಯೊಳಗೆ ಕೂತುಬಿಟ್ಟಿತು. ದುಡ್ಡು ಅವಳದು, ರಶೀದಿ ಅವಳದು, ಕರೆಂಟ್ ಬಿಲ್ಲೂ ಅವಳದೇ. ಬೀಗದ ಕೈ ಮಾತ್ರ ಇನ್ನೊಬ್ಬನ ಸೊಂಟದಲ್ಲಿ.

ಇದಕ್ಕೆ ನಮ್ಮ ಸೀಮೆಯಲ್ಲಿ ಹಳೆಯ ಹೆಸರೊಂದಿದೆ: ಚಾಲಗೇಣಿ. ಕಾಸರಗೋಡು ದಕ್ಷಿಣ ಕನ್ನಡದ ಭಾಗವಾಗಿದ್ದಾಗ ಒಕ್ಕಲಿಗೆ ಎರಡು ಬಗೆಯ ಗೇಣಿ ಇತ್ತು. ಮೂಲಗೇಣಿಯವನಿಗೆ ನೆಲದ ಮೇಲೆ ಒಂದಿಷ್ಟು ನೆಲೆ. ಚಾಲಗೇಣಿಯವನು ಬಿತ್ತಬಹುದು, ಬೆಳೆಯಬಹುದು. ಆದರೆ ಧಣಿ ಎದ್ದು ಹೋಗು ಎಂದ ದಿನ ಹೋಗಬೇಕು. ಗೇಣಿಯ ಬಾಕಿ, ಅಕ್ರಮ ವಸೂಲಿ, ಬಿಟ್ಟಿ ದುಡಿತ ಇವುಗಳ ವಿರುದ್ಧ ಇದೇ ಜಿಲ್ಲೆಯ ಕಯ್ಯೂರಿನ ರೈತರು ಎದ್ದು ನಿಂತರು. 1943ರಲ್ಲಿ ನಾಲ್ವರನ್ನು ಬ್ರಿಟಿಷ್ ಸರಕಾರ ಗಲ್ಲಿಗೇರಿಸಿತು. ನಿರಂಜನರು ಆ ಕತೆಯನ್ನು 'ಚಿರಸ್ಮರಣೆ'ಯಾಗಿ ಕನ್ನಡಕ್ಕೆ ಕೊಟ್ಟರು. 1970ರ ಜನವರಿ 1ರಂದು ಕೇರಳದಲ್ಲಿ ಜಮೀನ್ದಾರಿಯೇ ರದ್ದಾಯಿತು. ನೇಣುಗಂಬದ ಪಕ್ಕ ಟ್ಯಾಬ್ ತಂದಿಡುವಷ್ಟು ನಾಚಿಕೆಗೆಟ್ಟವನಲ್ಲ ನಾನು. ಆದರೆ ನೆಲದಿಂದ ಓಡಿಸಿದ ಚಾಲಗೇಣಿ ಗಾಜಿನ ಹಲಗೆಯೊಳಗೆ ಹೊಕ್ಕು ಕೂತದ್ದನ್ನು ಕಂಡೂ ಸುಮ್ಮನಿರುವುದು ಹೇಗೆ?

ಈ ಹೊಸ ಧಣಿಗಳ ಜಾಣತನ ನೋಡಿ. ಇಂಥ ಟ್ಯಾಬನ್ನು ನಡೆಸುವ ಆಂಡ್ರಾಯ್ಡಿನ ತಿರುಳು ಲಿನಕ್ಸ್. ಸಾವಿರಾರು ಜನ ಬರೆದು ಊರೊಟ್ಟಿಗೆ ಬಿಟ್ಟ ಸೊತ್ತು ಅದು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಅದನ್ನು ಪುಕ್ಕಟೆ ತಂದು ಯಂತ್ರಕ್ಕೆ ತುಂಬಿ, ಬೂಟ್‌ಲೋಡರ್ ಎಂಬ ಬಾಗಿಲಿಗೆ ಇವರು ಬೀಗ ಜಡಿಯುತ್ತಾರೆ. ತಾವು ಮುದ್ರೆ ಒತ್ತಿದ ತಂತ್ರಾಂಶವಲ್ಲದೆ ಬೇರೆ ಯಾವುದೂ ಅಲ್ಲಿ ಎದ್ದು ನಿಲ್ಲಬಾರದು. ಇಂಥ ಮುಕ್ತ ತಂತ್ರಾಂಶದ ಜಿಪಿಎಲ್ ಪರವಾನಗಿಯ ಮೂರನೆಯ ಆವೃತ್ತಿ 2007ರಲ್ಲಿ ಬಂದಾಗ ಈ ಮೋಸ ತಡೆಯುವುದೂ ಅದರ ಉದ್ದೇಶವಾಗಿತ್ತು. ಲಿನಕ್ಸ್ ತಿರುಳು ಎರಡನೆಯದರಲ್ಲೇ ಉಳಿಯಿತು. ಬೀಗದವರು ಆ ಸಂದಿಯಲ್ಲೇ ನುಸುಳಿದರು.

ಆ ಯಂತ್ರದೊಳಗೆ ಎಲ್ಲ ಅಧಿಕಾರ ಇರುವ ಬಳಕೆದಾರನಿಗೆ 'ರೂಟ್' ಎಂದು ಹೆಸರು. ಬೇರು! ಕೊಂಡವನು ಕೊಂಬೆಯ ಮೇಲೆ ಕೂರಬಹುದು, ಬೇರು ಮುಟ್ಟುವಂತಿಲ್ಲ. ಮುಟ್ಟಿದರೆ ಕಳ್ಳ, ಹ್ಯಾಕರ್, ವಾರಂಟಿ ಕೆಡಿಸಿದವ.

ಕಳ್ಳರೇ? ಹಾಗಾದರೆ ಕನ್ನಡವನ್ನು ಮೊಬೈಲಿನೊಳಗೆ ಮೊದಮೊದಲು ಕರೆತಂದವರಲ್ಲಿ ಈ ಕಳ್ಳರೂ ಇದ್ದಾರೆ, ಕೇಳಿ. 2012ರ ಮಧ್ಯದಲ್ಲಿ ಆಂಡ್ರಾಯ್ಡ್ 4.1 ಬರುವ ತನಕ ಗೂಗಲ್ಲಿನ ಆಂಡ್ರಾಯ್ಡಿಗೆ ಕನ್ನಡ ಗೊತ್ತಿರಲಿಲ್ಲ. ಸಾವಿರ ವರ್ಷ ದಾಟಿದ ಸಾಹಿತ್ಯದ ನುಡಿ ಆ ಪರದೆಯ ಮೇಲೆ ಸಾಲುಸಾಲು ಖಾಲಿ ಚೌಕ. ಒಪೆರಾ ಮಿನಿ ಎಂಬ ಬ್ರೌಸರಿನ ಒಳಗುಟ್ಟಿನ ಪುಟಕ್ಕೆ ಹೋಗಿ ಒಂದು ಆಯ್ಕೆ ಬದಲಿಸಿದರೆ ಅಕ್ಷರಗಳು ಚಿತ್ರಗಳಾಗಿ ಬರುತ್ತಿದ್ದವು. ಅದು ಜಾಲತಾಣ ಓದಲಿಕ್ಕಾಯಿತು, ಮೆಸೇಜಿಗೆ, ಫೋನ್‌ಬುಕ್ಕಿಗೆ? ಫಾಂಟಿನ ಕಡತವನ್ನು ಸಿಸ್ಟಮ್ ಫೋಲ್ಡರಿಗೆ ಹಾಕಬೇಕು, ಆ ಫೋಲ್ಡರಿಗೆ ಬೀಗ. ಆಗ ನಮ್ಮ ಹುಡುಗರು ಫೋನ್ ರೂಟ್ ಮಾಡಿದರು. ಕೆಲವು ಫೋನುಗಳು ಮತ್ತೆ ಏಳದೆ ಇಟ್ಟಿಗೆಯಾದವು. ಉಳಿದವುಗಳಲ್ಲಿ ಕನ್ನಡ ಬಂತು, ಒತ್ತಕ್ಷರ ಪಕ್ಕಕ್ಕೆ ಜಾರಿ, ಕೊಂಬು ಕಳಚಿ, ಕುಂಟುತ್ತ ಬಂತು. ಆದರೂ ಬಂತು. ತಾಯಿನುಡಿಯಲ್ಲಿ ಅಮ್ಮನ ಹೆಸರು ಕಾಣಲು ಬೀಗ ಒಡೆಯಬೇಕಾದ ಜನ ನಾವು. ನಮಗೆ ಪ್ರಾಮಾಣಿಕತೆಯ ಪಾಠ ಬೇಡ.

ಅದರಲ್ಲೂ ಕಾಸರಗೋಡಿನವರಿಗೆ ಬೇಡವೇ ಬೇಡ. 1956ರ ನವೆಂಬರ್ 1ರಂದು ನಮ್ಮನ್ನು ಕೇರಳದ ಖಾತೆಗೆ ಬರೆದರು. ಚಂದ್ರಗಿರಿ ಹೊಳೆಯ ಉತ್ತರಕ್ಕಿರುವುದು ಇಂದಿನ ಕರ್ನಾಟಕಕ್ಕೆ ಸೇರಲಿ ಎಂದು ಗಡಿ ವಿವಾದದ ಮಹಾಜನ ಆಯೋಗ 1967ರಲ್ಲಿ ಹೇಳಿತು. ಆ ವರದಿಗೂ ಬೀಗ. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮ ಶಾಲೆಗೆ ಮೇಷ್ಟ್ರು ಮಾಡಿದಾಗ ಬೀದಿಗಿಳಿದವರು ನಾವು. ಇನ್ನು ತವರು? 2020ರ ಮಾರ್ಚಿನಲ್ಲಿ ಮಂಗಳೂರಿನ ಆಸ್ಪತ್ರೆಗೆ ಹೊರಟ ರೋಗಿಗಳಿಗೆ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದ್ದು ಕರ್ನಾಟಕವೇ. ಒಳದಾರಿಗಳಿಗೆ ಮಣ್ಣು ಸುರಿದದ್ದೂ ಅದೇ. ಬೀಗ ಯಾವ ಕಡೆಯಿಂದ ಬಿದ್ದರೂ ಅದರ ಸದ್ದು ನಮಗೆ ಗೊತ್ತು.

ಕಾನೂನು ಎಂದು ಹೆದರಿಸುವವರೇ, ಕಾನೂನನ್ನು ಓದಿ. ಅಮೆರಿಕದ ಕೃತಿಸ್ವಾಮ್ಯ ಕಾನೂನಿನಲ್ಲಿ 2012ರಲ್ಲಿ ಫೋನಿನ ಇಂಥ ಬೀಗ ಒಡೆಯಲು ವಿನಾಯಿತಿ ಇತ್ತು, ಟ್ಯಾಬಿಗೆ ಇರಲಿಲ್ಲ. ಟ್ಯಾಬ್ ಎಂದರೆ ಯಾವುದು ಎಂಬುದೇ ಸ್ಪಷ್ಟವಿಲ್ಲ ಎಂದರು. ಸ್ಪಷ್ಟವಾಗಲು 2015 ಬೇಕಾಯಿತು. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಂ ಬೀಗ ಒಡೆದವರಿಗೆ ಎರಡು ವರ್ಷದವರೆಗೆ ಜೈಲು ಎನ್ನುತ್ತದೆ, ನಿಜ. ಆದರೆ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಒಡೆದರೆ ಮಾತ್ರ. ಪೂರಾ ದುಡ್ಡು ಕೊಟ್ಟ ಟ್ಯಾಬಿಗೆ ಮುಕ್ತವಾದ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡ ಬೀಡಿ ಕಟ್ಟುವ ಹೆಂಗಸು ಯಾರ ಕೃತಿಯನ್ನು ಕದ್ದಳು?

ಇದೇ ಕೇರಳದ ಸರಕಾರಿ ಶಾಲೆಗಳಲ್ಲಿ ಶಿಕ್ಷಣ ತಂತ್ರಜ್ಞಾನದ ಕೈಟ್ ಸಂಸ್ಥೆ ಗ್ನೂ ಲಿನಕ್ಸ್ ಕಲಿಸುತ್ತದೆ. ತಂತ್ರಾಂಶ ಎಲ್ಲರ ಸೊತ್ತು ಎಂದು ಹಗಲಲ್ಲಿ ಓದುವ ಮಗು ಸಂಜೆ ಮನೆಗೆ ಬಂದು ಬೀಗದ ಹಲಗೆಯ ಮುಂದೆ ಕೂರುತ್ತದೆ. ಶಾಲೆ ಹೇಳಿಕೊಟ್ಟದ್ದನ್ನು ಮನೆಯಲ್ಲಿ ಮಾಡಿದರೆ ಅಪರಾಧಿಯ ಪಟ್ಟ.

ಕುಂಬಳೆಯ ಹುಡುಗ ಅಂದು ಎರಡೂ ವಾಲ್ಯೂಮ್ ಬಟನ್ ಒತ್ತಿ ಹಿಡಿದು ಕೇಬಲ್ ಚುಚ್ಚಿದ. "ಒಳಗಿದ್ದದ್ದೆಲ್ಲ ಅಳಿಸಿ ಹೋಗ್ತದೆ, ಟ್ಯಾಬ್ ಪೂರ್ತಿ ಹೋಗ್ಲಿಕ್ಕೂ ಸಾಕು. ಆಗ್ಬಹುದಾ?" ಎಂದು ಮೊದಲೇ ಕೇಳಿದ್ದ. ಮಾರಿದವನು ಅಷ್ಟು ನೇರವಾಗಿ ಮಾತಾಡಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಬಿಳಿ ಅಕ್ಷರಗಳು ಓಡಿದವು. ಒಮ್ಮೆ ನಿಂತವು, ಕೇಬಲ್ ಬದಲಿಸಿದ. ಮುಕ್ಕಾಲು ಗಂಟೆಯ ಬಳಿಕ ಲಾಂಛನವಿಲ್ಲದ ಪರದೆ ಬೆಳಗಿ, ಭಾಷೆ ಯಾವುದೆಂದು ಕೇಳಿತು. ಅವಳ ಮಗ ಪಟ್ಟಿಯನ್ನು ಬೆರಳಲ್ಲಿ ಸರಿಸುತ್ತ ಹೋಗಿ ಕನ್ನಡದ ಮೇಲೆ ಒತ್ತಿದ.

ಬೀಗ ಒಡೆದ ಯಂತ್ರವೆಂದು ಬ್ಯಾಂಕಿನ ಆ್ಯಪ್ ಇನ್ನು ಇದರಲ್ಲಿ ನಡೆಯಲಿಕ್ಕಿಲ್ಲ. ಧಣಿಗಳು ಒಬ್ಬರಿಗೊಬ್ಬರು ಕಾವಲು. ಇರಲಿ.

ನನ್ನ ಬೇಡಿಕೆ ದೊಡ್ಡದೇನಲ್ಲ, ಒಂದು ಸಾಲಿನ ಕಾನೂನು: ಕಡೆಯ ಕಂತಿನ ರಶೀದಿಯ ಜೊತೆಗೇ ಬೀಗದ ಕೈಯನ್ನೂ ಕೊಡಿ. ಕೊಡದಿದ್ದರೆ ಬೇಡ, ಕುಂಬಳೆಯಲ್ಲಿ ಹುಡುಗನಿದ್ದಾನೆ.